ಉದ್ಯೋಗ ಕೊಡ್ತೀವಿ ಅನ್ನೋರಿಗೆ ನಮ್ಮ ಐದು ಪ್ರಶ್ನೆ

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ನಡೆದ ಸದಸ್ಯರ ಸಮಾವೇಶದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಂಘ ಬೆಳೆದು ಬಂದ ದಾರಿಯನ್ನು ಅಧ್ಯಕ್ಷರು ಆಗಲೇ ವಿವರವಾಗಿ ಹೇಳಿದ್ದಾರೆ. ನನಗೆ ಕೊಟ್ಟಿರುವ ವಿಷಯ ಬೇರೆ. ಪಂಚಾಯ್ತಿ ಚುನಾವಣೆಗೆ ನಿಲ್ಲುವವರು ಹಳ್ಳಿ ಹುಡುಗರ ಉದ್ಯೋಗದ ಬಗ್ಗೆ, ಸಣ್ಣಪುಟ್ಟ ಕಸುಬಿನವರ ಬಗ್ಗೆ ಏನು ಹೇಳುತ್ತಾರೆ, ಅದನ್ನು ನಾವು ಹೇಗೆ ತೂಗಿ ನೋಡಬೇಕು ಎಂಬ ವಿಷಯ. ನಾನು ಓದಿರುವುದು ಎಸ್‌ಎಸ್‌ಎಲ್‌ಸಿ. ನಾಲ್ಕು ಹಸು, ಎರಡೂವರೆ ಎಕರೆ ತೆಂಗು ನಂಬಿಕೊಂಡು ಬದುಕುವವನು. ತಪ್ಪಿದ್ದರೆ ತಿಳಿದವರು ತಿದ್ದಬೇಕೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಸಂಘದ ವೇದಿಕೆಯಲ್ಲಿ ರಾಜಕೀಯ ಬೇಡ ಎನ್ನುವುದು ಹಿರಿಯರು ಹಾಕಿಕೊಟ್ಟ ನೇಮ. ಅದನ್ನು ನಾನು ಮೀರುವುದಿಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದೂ ಇಲ್ಲ. ಆ ಪಕ್ಷ ಒಳ್ಳೇದು, ಈ ಪಕ್ಷ ಕೆಟ್ಟದ್ದು ಅಂತ ಹೇಳೋಕೆ ನಾನು ಬಂದಿಲ್ಲ. ಯಾರ ಮೇಲೂ ದೂರು ಹೇಳೋಕೂ ಬಂದಿಲ್ಲ. ದೂರು ಹೇಳಬೇಕಾದರೆ ಮೊದಲು ನನ್ನ ಮೇಲೇ ಹೇಳಬೇಕು. ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಮಗೆಲ್ಲ ನೆನಪಿರಬಹುದು. 2010ರ ಮೇ ತಿಂಗಳಲ್ಲಿ ನಡೆದ ಪಂಚಾಯ್ತಿ ಚುನಾವಣೆಗೆ ನಾನೂ ನಿಂತಿದ್ದೆ. ವಯಸ್ಸು ಮೂವತ್ತರ ಆಸುಪಾಸು, ಬಿಸಿರಕ್ತ. ಹಳದಿ ಕಾಗದದಲ್ಲಿ ಕರಪತ್ರ ಹೊಡೆಸಿದ್ದೆ. ಅದರ ಮೊದಲನೇ ಸಾಲು ‘ಮನೆಗೊಂದು ಉದ್ಯೋಗ, ಕೈಗೊಂದು ಕಸುಬು’. ಬರೆಯುವಾಗ ನನಗೆ ಪಂಚಾಯ್ತಿ ಕಾಯ್ದೆಯೂ ಗೊತ್ತಿರಲಿಲ್ಲ, ಪಂಚಾಯ್ತಿಗೆ ಎಲ್ಲಿಂದ ಎಷ್ಟು ದುಡ್ಡು ಬರುತ್ತದೆ ಅನ್ನುವುದೂ ಗೊತ್ತಿರಲಿಲ್ಲ. ಕೇಳೋಕೆ ಚೆನ್ನಾಗಿತ್ತು, ಬರೆದೆ. ಹನ್ನೊಂದು ಓಟಿನಲ್ಲಿ ಗೆದ್ದೆ.

ಆಗ ನಮ್ಮ ಊರಿನ ಒಬ್ಬ ಹುಡುಗ ಐಟಿಐನಲ್ಲಿ ವೆಲ್ಡಿಂಗ್ ಕಲಿತು ಬಂದಿದ್ದ. ಹೆಸರು ಬೇಡ, ಆದರೆ ಅವನನ್ನೂ ಅವನ ತಾಯಿಯನ್ನೂ ಕೇಳಿ, ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ನನ್ನ ಕರಪತ್ರವನ್ನು ಮನೆ ಮನೆಗೆ ಹಂಚಿದವನು ಅವನೇ. ಗೆದ್ದ ಮೇಲೆ ಒಂದು ದಿನ ಬಂದು, “ಅಣ್ಣ, ನಂಗೆ ಸರ್ಕಾರಿ ಕೆಲ್ಸ ಬ್ಯಾಡ. ಬಸ್‌ಸ್ಟ್ಯಾಂಡ್ ಹತ್ರ ಪಂಚಾಯ್ತಿ ಮಳಿಗೆ ಕಟ್ತಾ ಅವ್ರಲ್ಲ, ಅದ್ರಲ್ಲಿ ಒಂದು ನಂಗೆ ಬಾಡಿಗೆಗೆ ಸಿಗೋ ಹಂಗೆ ಮಾಡಿ, ಕರೆಂಟಿಗೆ ಒಂದು ಕಾಗ್ದ ಕೊಡ್ಸಿ. ಗೇಟು, ಕಿಟಕಿ, ನೇಗಿಲು ರಿಪೇರಿ ಮಾಡ್ಕೊಂಡು ಇಲ್ಲೇ ಇರ್ತೀನಿ” ಅಂದ. ಅವನು ಕೇಳಿದ್ದು ಅಷ್ಟೇ. ಒಂದು ಮಳಿಗೆ, ಒಂದು ಕಾಗದ.

ಮಳಿಗೆ ಹರಾಜಿಗೆ ಬಂತು. ಠೇವಣಿ ಮೊತ್ತ ಅವನ ಕೈಗೆ ಎಟುಕುವ ಹಾಗಿರಲಿಲ್ಲ. ಒಬ್ಬರೇ ತಮ್ಮ ಹೆಸರಲ್ಲಿ ಒಂದು, ಬಾಮೈದನ ಹೆಸರಲ್ಲಿ ಒಂದು, ಆಳಿನ ಹೆಸರಲ್ಲಿ ಒಂದು ಅಂತ ಮೂರು ಮಳಿಗೆ ಕೂಗಿಕೊಂಡರು. ಎರಡೇ ತಿಂಗಳಲ್ಲಿ ಅವನ್ನು ದುಪ್ಪಟ್ಟು ಒಳಬಾಡಿಗೆಗೆ ಕೊಟ್ಟರು. ಅದು ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಯಾಕೆ ಅಂದರೆ, ನನ್ನ ಆ ಹಳದಿ ಕರಪತ್ರ ಅಚ್ಚು ಹಾಕಿಸಿದ ದುಡ್ಡು ಅವರದೇ ಆಗಿತ್ತು. ಪ್ರಚಾರಕ್ಕೆ ಓಡಾಡಿದ ಜೀಪೂ ಅವರದೇ.

ಹುಡುಗನ ತಾಯಿ ನಮ್ಮ ಸಂಘಕ್ಕೆ ಹಾಲು ಹಾಕುವವರು. ದಿನಾ ಬೆಳಗ್ಗೆ ಡೈರಿ ಮುಂದೆ ಸಿಕ್ಕಾಗ, “ಏನಪ್ಪಾ, ನಮ್ಮ ಹುಡುಗನ್ ಮಳಿಗೆ ಇಚಾರ ಏನಾಯ್ತು?” ಅನ್ನೋರು. “ಮುಂದಿನ ಮೀಟಿಂಗಲ್ಲಿ ಆಯ್ತದೆ ಕಣಮ್ಮ” ಅಂತಿದ್ದೆ. ಒಂದು ವರ್ಷ ಹೀಗೇ ನಡೀತು. 2012ರಲ್ಲಿ ಹುಡುಗ ಬೆಂಗಳೂರಿನ ಪೀಣ್ಯಕ್ಕೆ ಹೋಗಿ ಯಾವುದೋ ಶೆಡ್ಡಿನಲ್ಲಿ ಕೂಲಿಗೆ ಸೇರಿಕೊಂಡ. ಅವತ್ತಿನಿಂದ ಆ ತಾಯಿ ನನ್ನನ್ನು ಏನೂ ಕೇಳಲಿಲ್ಲ. ಕ್ಯಾನು ಇಡೋರು, ಚೀಟಿ ತಗೊಳ್ಳೋರು, ಹೋಗೋರು. ಬೈದಿದ್ದರೆ ಸಮಾಧಾನ ಆಗ್ತಿತ್ತು. ಕೇಳೋದನ್ನೇ ಬಿಟ್ಟರಲ್ಲ, ಅದು ನನಗೆ ಇವತ್ತಿಗೂ ಚುಚ್ಚುತ್ತದೆ. 2015ರಲ್ಲಿ ನಾನು ಮತ್ತೆ ಚುನಾವಣೆಗೆ ನಿಲ್ಲಲಿಲ್ಲ.

ಈ ಕತೆ ಯಾಕೆ ಹೇಳಿದೆ ಎಂದರೆ, ನಾನು ಕೊಟ್ಟ ದೊಡ್ಡ ಮಾತು ಪಂಚಾಯ್ತಿಯ ಕೈಲಿರಲಿಲ್ಲ. ಆ ಹುಡುಗ ಕೇಳಿದ ಚಿಕ್ಕ ಮಾತು ಪಂಚಾಯ್ತಿಯ ಕೈಲೇ ಇತ್ತು. ಆಗದ್ದನ್ನು ಹೇಳಿ ಓಟು ತಗೊಂಡೆ, ಆಗುವುದನ್ನು ಮಾಡದೆ ಕೂತೆ. ಇವತ್ತಿನ ನನ್ನ ಭಾಷಣವೆಲ್ಲ ಇಷ್ಟೇ. ಉಳಿದದ್ದು ಇದರ ವಿವರ.

ಮೊದಲು ಪಂಚಾಯ್ತಿಯ ಕೈಲಿ ಏನಿದೆ ನೋಡೋಣ. ನಮ್ಮ ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದ ರಾಜ್ಯವಲ್ಲ. 1983ರಲ್ಲೇ ಇಲ್ಲಿ ಹೊಸ ಪಂಚಾಯ್ತಿ ಕಾಯ್ದೆ ಆಯಿತು. ಅದರ ಹಿಂದೆ ನಿಂತು ದುಡಿದವರು ಅಬ್ದುಲ್ ನಜೀರ್ ಸಾಬ್. ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಅನ್ನಿಸಿಕೊಂಡವರು. 1987ರಲ್ಲಿ ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಆಮೇಲೆ ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂದು, 1993ರಲ್ಲಿ ಈಗಿರುವ ಪಂಚಾಯತ್ ರಾಜ್ ಕಾಯ್ದೆ ಜಾರಿಯಾಯಿತು. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯ್ತಿಗಳಿಗೆ ವಹಿಸಬಹುದಾದ 29 ವಿಷಯ ಬರೆದಿದ್ದಾರೆ. ಅದರಲ್ಲಿ ಹೈನುಗಾರಿಕೆ ಇದೆ, ಆಹಾರ ಸಂಸ್ಕರಣೆಯೂ ಸೇರಿದ ಸಣ್ಣ ಕೈಗಾರಿಕೆ ಇದೆ, ಖಾದಿ ಗ್ರಾಮೋದ್ಯೋಗ ಮತ್ತು ಗುಡಿ ಕೈಗಾರಿಕೆ ಇದೆ, ತಾಂತ್ರಿಕ ತರಬೇತಿ ಇದೆ, ಸಂತೆ ಜಾತ್ರೆ ಇದೆ.

ಪುಸ್ತಕದಲ್ಲಿ ಇದೆ ಅಂದಮಾತ್ರಕ್ಕೆ ಕೈಗೆ ದುಡ್ಡು ಬರುವುದಿಲ್ಲ. 15ನೇ ಹಣಕಾಸು ಆಯೋಗದ ಅನುದಾನವನ್ನೇ ತೆಗೆದುಕೊಳ್ಳಿ. 2021ರಿಂದ 2026ರವರೆಗಿನ ಲೆಕ್ಕದಲ್ಲಿ 100 ರೂಪಾಯಿ ಬಂದರೆ 60 ರೂಪಾಯಿಯನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕೆಂದು ಕಟ್ಟು ಹಾಕಿದ್ದರು. ಉಳಿದ 40ರಲ್ಲಿ ಸಂಬಳ ಕೊಡುವ ಹಾಗಿರಲಿಲ್ಲ. ಅಂದ ಮೇಲೆ ಪಂಚಾಯ್ತಿ ಸದಸ್ಯನೊಬ್ಬ “ಐವತ್ತು ಹುಡುಗರಿಗೆ ಕೆಲಸ ಕೊಡಿಸ್ತೀನಿ” ಅಂದರೆ ಎಲ್ಲಿಂದ ಕೊಡಿಸುತ್ತಾನೆ? “ಫ್ಯಾಕ್ಟರಿ ತರ್ತೀನಿ” ಅಂತಾರೆ. ನಮ್ಮ ಜಿಲ್ಲೆಯ ವಸಂತನರಸಾಪುರದಲ್ಲಿ ದೊಡ್ಡ ಕೈಗಾರಿಕಾ ಪ್ರದೇಶ ಇದೆ. ಅಂಥದ್ದಕ್ಕೆ ಜಮೀನು ಕೊಳ್ಳುವುದು, ಹಂಚುವುದು ರಾಜ್ಯ ಸರ್ಕಾರದ ಮಂಡಳಿ. ಪಂಚಾಯ್ತಿ ಸದಸ್ಯನಿಗೆ ಅಲ್ಲಿ ಕುರ್ಚಿ ಇಲ್ಲ. ಹೇಳೋದು ಶಾಸ್ತ್ರ, ಹಾಕೋದು ಗಾಳ ಅನ್ನೋ ಗಾದೆ ಇಂಥದ್ದಕ್ಕೇ ಹುಟ್ಟಿರಬೇಕು.

ಹಾಗಾದರೆ ಹಳ್ಳಿಯಲ್ಲಿ ಉದ್ಯೋಗ ಹೇಗೆ ಹುಟ್ಟುತ್ತದೆ? ಉತ್ತರ ನಮ್ಮ ಈ ಕಟ್ಟಡದಲ್ಲೇ ಇದೆ. ಇಪ್ಪತ್ತೈದು ವರ್ಷದ ಹಿಂದೆ ಈ ಸಂಘ ಶುರು ಮಾಡಿದ ಹಿರಿಯರು ಯಾರಿಗೂ ಉದ್ಯೋಗದ ಭರವಸೆ ಕೊಡಲಿಲ್ಲ. ಅವರು ಮಾಡಿದ್ದು ಮೂರೇ ಕೆಲಸ. ಹಾಲನ್ನು ಸರಿಯಾಗಿ ಅಳೆದರು, ಫ್ಯಾಟು ನೋಡಿ ಬೆಲೆ ಕಟ್ಟಿದರು, ಗೊತ್ತಾದ ದಿನಕ್ಕೆ ಬಟವಾಡೆ ಮಾಡಿದರು. ಅಷ್ಟು ಮಾಡಿದ್ದಕ್ಕೆ ಒಂದು ಹಸು ಇದ್ದ ಮನೆಯಲ್ಲಿ ಎರಡಾಯಿತು. ಪಶು ಆಹಾರ ಮಾರುವ ಅಂಗಡಿ ಬಂತು. ಜೋಳದ ಮೇವು ಬೆಳೆದು ಮಾರುವವರು ಬಂದರು. ಹಾಲು ಕರೆಯುವ ಯಂತ್ರ ರಿಪೇರಿಯವನು ಬಂದ. ಬಟವಾಡೆ ದಿನ ಬಟ್ಟೆ ಅಂಗಡಿ, ದಿನಸಿ ಅಂಗಡಿಯಲ್ಲಿ ವ್ಯಾಪಾರ ಜಾಸ್ತಿಯಾಯಿತು. ನೇರ ಅಳತೆ, ನೇರ ಬೆಲೆ, ಹೇಳಿದ ದಿನಕ್ಕೆ ದುಡ್ಡು. ಇಷ್ಟಿದ್ದರೆ ಜನ ತಮ್ಮ ಉದ್ಯೋಗ ತಾವೇ ಹುಟ್ಟಿಸಿಕೊಳ್ಳುತ್ತಾರೆ.

ಇದು ಹೊಸ ಮಾತೂ ಅಲ್ಲ. 1904ರ ಸಹಕಾರ ಕಾಯ್ದೆ ಬಂದ ಮೇಲೆ 1905ರಲ್ಲಿ ದೇಶದ ಮೊದಲ ಸಹಕಾರ ಸಂಘ ಆಗಿದ್ದು ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ. ಅದನ್ನು ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಅವರೂ ಊರಿನವರಿಗೆ ಸಾಲ ಸಿಗುವ ದಾರಿ ಮಾಡಿದರೇ ಹೊರತು ಆಕಾಶ ತೋರಿಸಲಿಲ್ಲ.

ಸಹಕಾರಿ ಬಂಧುಗಳೇ, ಪಂಚಾಯ್ತಿ ಚುನಾವಣೆ ಇವತ್ತು ಬರಲಿ, ನಾಳೆ ಬರಲಿ, ಓಟು ಕೇಳಲು ಬಂದವರಿಗೆ ಕಾಫಿ ಕೊಟ್ಟು ಕೂರಿಸಿ. ಹಾರ ಹಾಕಬೇಕಾದರೆ ಹಾಕಿ. ಆದರೆ ಐದು ಪ್ರಶ್ನೆ ಕೇಳಿ.

ಮೊದಲನೇ ಪ್ರಶ್ನೆ: “ನೀವು ಹೇಳ್ತಿರೋ ಕೆಲಸ ಪಂಚಾಯ್ತಿ ಕೈಲಿ ಇದೆಯಾ? ಇದ್ದರೆ ಯಾವ ದುಡ್ಡಲ್ಲಿ ಮಾಡ್ತೀರಿ?”

ಇದಕ್ಕೆ ಉತ್ತರ ಬರದಿದ್ದರೆ ಅದು ನನ್ನ ಹಳದಿ ಕರಪತ್ರ ಇದ್ದ ಹಾಗೆ. ಅವರು ಫ್ಯಾಕ್ಟರಿ ಅಂದರೆ ನೀವು ತೆಂಗಿನ ಸಿಪ್ಪೆ ಬಗ್ಗೆ ಕೇಳಿ. ನಮ್ಮ ಸೀಮೆಯಲ್ಲಿ ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಇಟ್ಟು ಉಂಡೆ ಕೊಬ್ಬರಿ ಮಾಡುತ್ತೇವೆ. ಸುಲಿದ ಸಿಪ್ಪೆಯನ್ನು ಹೊರಗಿನವರ ಲಾರಿಗೆ ತುಂಬಿ ಕಳಿಸುತ್ತೇವೆ. ಅದೇ ಸಿಪ್ಪೆ ನಾರಾಗಿ, ಹಗ್ಗವಾಗಿ, ಕಾಲೊರೆಸುವ ಮ್ಯಾಟಾಗಿ ನಮ್ಮ ಸಂತೆಗೇ ಬರುತ್ತದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು. ಹಗ್ಗ ಹೊಸೆಯುವ ಒಂದು ಸಣ್ಣ ಘಟಕಕ್ಕೆ ಊರಾಚೆ ಜಾಗ, ಲಾರಿ ಓಡಾಡುವ ದಾರಿ, ನೀರು, ಪರವಾನಗಿ ಬೇಕು. ಈ ದಾರಿ, ನೀರು, ಪರವಾನಗಿ ಪಂಚಾಯ್ತಿಯ ಕೆಲಸ. ಅದನ್ನು ಮಾಡ್ತೀರಾ ಅಂತ ಕೇಳಿ.

ಎರಡನೇ ಪ್ರಶ್ನೆ: “ಪಂಚಾಯ್ತಿ ಮಳಿಗೆ, ಸಂತೆ ಮಾಳ ಇವನ್ನ ಹೇಗೆ ನಡೆಸ್ತೀರಿ?”

ಮಳಿಗೆ ಹರಾಜು ಮಾಡಬಾರದು ಅಂತ ನಾನು ಹೇಳುವುದಿಲ್ಲ. ಪಂಚಾಯ್ತಿಗೂ ವರಮಾನ ಬೇಕು. ಆದರೆ ಒಂದು ಮನೆಗೆ ಒಂದೇ ಮಳಿಗೆ, ಒಳಬಾಡಿಗೆಗೆ ಕೊಟ್ಟರೆ ರದ್ದು, ಕಸುಬು ಕಲಿತ ಹುಡುಗರಿಗೆ ಠೇವಣಿ ಕಂತಿನಲ್ಲಿ ಕಟ್ಟುವ ಅವಕಾಶ ಇರಬೇಕು. ಇದನ್ನು ನಿಯಮ ನೋಡಿಕೊಂಡು ಹರಾಜಿನ ಷರತ್ತಿನಲ್ಲೇ ಸೇರಿಸಲು ಪ್ರಯತ್ನ ಮಾಡ್ತೀರಾ ಅಂತ ಕೇಳಬೇಕು. ಸಂತೆ ವಿಚಾರವೂ ಹಾಗೇ. ಸುಂಕ ಎತ್ತೋಕೆ ಗುತ್ತಿಗೆ ಹಿಡಿದವನು ಸೊಪ್ಪಿನ ಪುಟ್ಟಿ ಇಟ್ಟುಕೊಂಡು ಕೂತ ಅಜ್ಜಿ ಹತ್ತಿರ ಎಷ್ಟು ವಸೂಲು ಮಾಡಬೇಕು ಅನ್ನೋದನ್ನ ಬೋರ್ಡಿನಲ್ಲಿ ಬರೆಸಿ ಸಂತೆ ಬಾಗಿಲಲ್ಲಿ ನಿಲ್ಲಿಸಬೇಕು. ಒಂದು ಬೋರ್ಡಿಗೆ ಎಷ್ಟು ಖರ್ಚಾದೀತು? ಮಳೆ ಬಂದರೆ ನಿಲ್ಲೋಕೆ ಒಂದು ಸೂರು, ಹೆಣ್ಣುಮಕ್ಕಳಿಗೆ ಒಂದು ಶೌಚಾಲಯ, ಕತ್ತಲಾದ ಮೇಲೂ ವ್ಯಾಪಾರಕ್ಕೆ ಎರಡು ದೀಪ. ಸಣ್ಣ ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಉದ್ಯೋಗ ನೀತಿ ಬೇಕಾಗಿಲ್ಲ.

ಮೂರನೇ ಪ್ರಶ್ನೆ: “ಕಾಗದ ಎಷ್ಟು ದಿನಕ್ಕೆ ಕೊಡಿಸ್ತೀರಿ?”

ಹಳ್ಳಿಯಲ್ಲಿ ಸಣ್ಣ ಉದ್ಯಮ ನಿಂತುಹೋಗುವುದು ಎಷ್ಟೋ ಸಲ ದುಡ್ಡಿಲ್ಲದೆ ಅಲ್ಲ, ಕಾಗದ ಇಲ್ಲದೆ. ಮನೆ, ಸೈಟು ಅಡವಿಟ್ಟು ಸಾಲ ಕೇಳಿದರೆ ಬ್ಯಾಂಕಿನವರು ಇ-ಸ್ವತ್ತಿನ ನಮೂನೆ 9, ನಮೂನೆ 11 ಕೇಳುತ್ತಾರೆ. ವಿದ್ಯುತ್ ಸಂಪರ್ಕಕ್ಕೆ, ಅಂಗಡಿಗೆ, ಹಿಟ್ಟಿನ ಗಿರಣಿಗೆ ಪಂಚಾಯ್ತಿಯ ಪತ್ರ ಬೇಕು. ನಮ್ಮ ರಾಜ್ಯದಲ್ಲಿ 2011ರಲ್ಲಿ ಸಕಾಲ ಕಾಯ್ದೆ ಬಂದಿದೆ. ಅದರ ಪಟ್ಟಿಯಲ್ಲಿರುವ ಸೇವೆಯನ್ನು ಗೊತ್ತಾದ ದಿನದೊಳಗೆ ಕೊಡಬೇಕು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಪರಿಹಾರ ಕೇಳಬಹುದು. ಕೇಳಿದವರು ಎಷ್ಟು ಜನ? ಅರ್ಜಿ ಕೊಟ್ಟು ಸ್ವೀಕೃತಿ ಚೀಟಿ ತಗೊಳ್ಳೋದನ್ನೇ ನಾವು ಮರೆಯುತ್ತೇವೆ. ಹಾಲು ಹಾಕಿ ಚೀಟಿ ತಗೊಳ್ಳದೆ ಯಾವತ್ತಾದರೂ ಮನೆಗೆ ಹೋಗಿದ್ದೀರಾ?

ಯೋಜನೆಗಳಿಗೇನೂ ಬರ ಇಲ್ಲ. ಹೆಸರು, ಮೊತ್ತ ಆಗಾಗ ಬದಲಾಗುತ್ತವೆ, ಅದನ್ನು ವಿಚಾರಿಸಿಕೊಳ್ಳಬೇಕು. 2008ರಲ್ಲಿ ಬಂದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಹಳ್ಳಿಯ ಸಾಮಾನ್ಯ ವರ್ಗದವರಿಗೆ ಶೇಕಡಾ 25, ಪರಿಶಿಷ್ಟರು, ಹಿಂದುಳಿದವರು, ಹೆಣ್ಣುಮಕ್ಕಳು ಮುಂತಾದವರಿಗೆ ಶೇಕಡಾ 35 ಸಹಾಯಧನ ಇಟ್ಟರು. 2015ರಲ್ಲಿ ಮುದ್ರಾ ಸಾಲ ಬಂತು. ಅದರ ಮೊದಲ ಮೆಟ್ಟಿಲಾದ ಶಿಶು ಸಾಲ 50,000 ರೂಪಾಯಿವರೆಗೆ, ಅಡಮಾನ ಕೇಳುವ ಹಾಗಿಲ್ಲ. 2020ರಲ್ಲಿ ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆ ಅಂತಲೇ ಯೋಜನೆ ಬಂತು. 2023ರ ಸೆಪ್ಟೆಂಬರಿನಲ್ಲಿ ವಿಶ್ವಕರ್ಮ ಯೋಜನೆ ಬಂತು. ಬಡಗಿ, ಕಮ್ಮಾರ, ಕುಂಬಾರ, ಕ್ಷೌರಿಕ, ಅಗಸ, ದರ್ಜಿ ಹೀಗೆ 18 ಕಸುಬಿನವರಿಗೆ ತರಬೇತಿ, 15,000 ರೂಪಾಯಿ ಸಲಕರಣೆ, ಮೊದಲು 1 ಲಕ್ಷ ಆಮೇಲೆ 2 ಲಕ್ಷ ಸಾಲ ಶೇಕಡಾ 5ರ ಬಡ್ಡಿಗೆ. ಇದರಲ್ಲಿ ಒಂದು ವಿಷಯ ಗಮನಿಸಿ. ಅರ್ಜಿಯ ಮೊದಲ ಪರಿಶೀಲನೆ ಆಗುವುದು ಗ್ರಾಮ ಪಂಚಾಯ್ತಿಯಲ್ಲೇ. ಅಲ್ಲಿ ಕೂತವರು ನೋಡದಿದ್ದರೆ ದೆಹಲಿಯಿಂದ ಬಂದ ಯೋಜನೆ ನಮ್ಮೂರಿನ ಬಾಗಿಲಲ್ಲೇ ನಿಲ್ಲುತ್ತದೆ. ಆದ್ದರಿಂದ ಅಭ್ಯರ್ಥಿ ಯೋಜನೆಯ ಹೆಸರು ಹೇಳಿದರೆ ಸಾಲದು. ವಾರಕ್ಕೆ ಒಂದು ದಿನ ಪಂಚಾಯ್ತಿ ಕಚೇರಿಯಲ್ಲಿ ಕೂತು ಇಂಥ ಅರ್ಜಿ ಬರೆಸಿಕೊಡ್ತೀರಾ, ಯಾವ ವಾರ, ಎಷ್ಟು ಗಂಟೆಗೆ ಅಂತ ಕೇಳಿ.

ಕಸುಬು ಕಲಿಯಬೇಕು ಅನ್ನುವ ಮಕ್ಕಳಿಗೂ ದಾರಿ ಇದೆ. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ ಬ್ಯಾಂಕುಗಳು ಜೊತೆಗೂಡಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಶುರು ಮಾಡಿದರು. ಊಟ ವಸತಿ ಕೊಟ್ಟು ಉಚಿತವಾಗಿ ಕಸುಬು ಕಲಿಸುವ ಕ್ರಮ. ಅದೇ ಮಾದರಿಯಲ್ಲಿ ದೇಶದ ಜಿಲ್ಲೆ ಜಿಲ್ಲೆಯಲ್ಲಿ ಬ್ಯಾಂಕುಗಳ ತರಬೇತಿ ಸಂಸ್ಥೆಗಳಾದವು. ನಮ್ಮ ಊರಿಂದ ವರ್ಷಕ್ಕೆ ನಾಲ್ಕು ಮಕ್ಕಳನ್ನು ಕಳಿಸಲು ಪಂಚಾಯ್ತಿಗೆ ಒಂದು ರೂಪಾಯಿ ಖರ್ಚೂ ಇಲ್ಲ. ಆಸಕ್ತಿ ಒಂದು ಬೇಕು.

ನಾಲ್ಕನೇ ಪ್ರಶ್ನೆ: “ಪಂಚಾಯ್ತಿಯಿಂದ ಹೊರಗೆ ಹೋಗುವ ದುಡ್ಡು ಯಾರ ಕೈಗೆ ಹೋಗುತ್ತೆ?”

2005ರ ಉದ್ಯೋಗ ಖಾತರಿ ಕಾಯ್ದೆ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸ ಅಂತ ಬರೆಯಿತು. ಹದಿನೈದು ದಿನದೊಳಗೆ ಕೂಲಿ ಅಂತಲೂ ಬರೆಯಿತು. 2025ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಅದರ ಬದಲಿಗೆ ಹೊಸ ಕಾಯ್ದೆ ಮಾಡಿ 125 ದಿನ ಅಂತ ಬರೆಯಿತು. ನಮ್ಮಂಥ ರಾಜ್ಯಗಳಲ್ಲಿ ಖರ್ಚನ್ನು ಕೇಂದ್ರ 60, ರಾಜ್ಯ 40 ಹೊರಬೇಕು ಅಂತಲೂ ಹೇಳಿತು. ಕಾಯ್ದೆ ಯಾವುದೇ ಇರಲಿ, ಯಾವ ಕಾಮಗಾರಿ ಬೇಕು ಅನ್ನೋ ಪಟ್ಟಿ ಹುಟ್ಟುವುದು ಗ್ರಾಮ ಪಂಚಾಯ್ತಿಯಲ್ಲಿ. ದನದ ಕೊಟ್ಟಿಗೆ ಮಾಡಿಸಿಕೊಂಡವರು ನಮ್ಮ ಸದಸ್ಯರಲ್ಲೇ ಇದ್ದಾರೆ. ಆ ಕೊಟ್ಟಿಗೆಯಲ್ಲಿ ಇವತ್ತು ಹಸು ಇದೆ, ಹಾಲು ಸಂಘಕ್ಕೆ ಬರುತ್ತಿದೆ. ಕೂಲಿಯೂ ಆಯಿತು, ಬಾಳುವ ಆಸ್ತಿಯೂ ಆಯಿತು. ಇನ್ನು ಕೆಲವು ಕಡೆ ಕಾಮಗಾರಿ ಕಾಗದದಲ್ಲಿದೆ, ಯಂತ್ರದಲ್ಲಿ ಅಗೆಸಿದ್ದಾರೆ, ಕೂಲಿ ಮಾಡದವರ ಖಾತೆಗೆ ದುಡ್ಡು ಬಂದಿದೆ. ಇದರ ಬಗ್ಗೆ ಅಭ್ಯರ್ಥಿಯ ನಿಲುವೇನು ಅಂತ ನೇರವಾಗಿ ಕೇಳಿ.

ಹೆಣ್ಣುಮಕ್ಕಳ ವಿಚಾರ ಇಲ್ಲೇ ಹೇಳಬೇಕು. ನಮ್ಮ ಪಂಚಾಯ್ತಿಗಳಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಸ್ವಸಹಾಯ ಸಂಘದವರ ಪಂಚಾಯ್ತಿ ಮಟ್ಟದ ಒಕ್ಕೂಟಗಳು ಆಗಿವೆ. ಕಸ ಎತ್ತುವ ಸ್ವಚ್ಛ ವಾಹಿನಿ ಗಾಡಿಯನ್ನು ಎಷ್ಟೋ ಪಂಚಾಯ್ತಿಗಳಲ್ಲಿ ಹೆಣ್ಣುಮಕ್ಕಳೇ ಓಡಿಸುತ್ತಿದ್ದಾರೆ. ನೋಡಿದರೆ ಹೆಮ್ಮೆಯಾಗುತ್ತದೆ. ಆದರೆ ಅವರಿಗೆ ತಿಂಗಳ ಗೌರವಧನ ತಿಂಗಳಿಗೆ ಸರಿಯಾಗಿ ಸಿಗುತ್ತದೆಯೇ? ಪಂಚಾಯ್ತಿ ಸಭೆಗೆ ತಿಂಡಿ ತರಿಸುವಾಗ ಪೇಟೆ ಹೋಟೆಲಿಗೆ ಹೋಗುತ್ತಾರೋ, ಊರಿನಲ್ಲೇ ರೊಟ್ಟಿ, ಚಕ್ಕುಲಿ ಮಾಡುವ ಹೆಣ್ಣುಮಕ್ಕಳಿಗೆ ಹೇಳುತ್ತಾರೋ? ಸಣ್ಣ ಮಾತು ಅನ್ನಿಸಬಹುದು. ಆದರೆ ಖಾಯಂ ಗಿರಾಕಿ ಒಬ್ಬ ಸಿಕ್ಕರೆ ಸಣ್ಣ ಕಸುಬು ನಿಲ್ಲುತ್ತದೆ. ಹಾಲಿಗೆ ಖಾಯಂ ಗಿರಾಕಿಯಾಗಿ ಸಂಘ ಸಿಕ್ಕಿದ್ದಕ್ಕೇ ಅಲ್ಲವೇ ನಾವೆಲ್ಲ ಇಲ್ಲಿ ಕೂತಿರುವುದು!

ಐದನೇ ಪ್ರಶ್ನೆ: “ನಿಮ್ಮ ಚುನಾವಣೆ ಖರ್ಚು ಯಾರದು?”

ಇದನ್ನು ಕೇಳೋಕೆ ಸಂಕೋಚ ಆಗುತ್ತದೆ. ಆದರೆ ಉಳಿದ ನಾಲ್ಕು ಪ್ರಶ್ನೆಗಳ ಉತ್ತರ ಇದರಲ್ಲೇ ಅಡಗಿದೆ. ನನ್ನ ಕರಪತ್ರದ ದುಡ್ಡು ನನ್ನದೇ ಆಗಿದ್ದರೆ ಹರಾಜಿನ ದಿನ ನಾನು ಎದ್ದು ನಿಲ್ಲುತ್ತಿದ್ದೆ ಅಂತ ನನಗೆ ನಂಬಿಕೆ. ಬೇರೆಯವರ ದುಡ್ಡು ಬಾಯಿಗೆ ಬಿದ್ದ ಮೇಲೆ ಬಾಯಿ ನಮ್ಮದಾಗಿ ಉಳಿಯುವುದಿಲ್ಲ. ಇದು ಅಭ್ಯರ್ಥಿಗೆ ಮಾತ್ರ ಹೇಳಿದ ಮಾತಲ್ಲ, ನಮಗೂ ಸೇರಿ ಹೇಳಿದ್ದು. ಓಟಿನ ಹಿಂದಿನ ರಾತ್ರಿ ಮನೆಗೆ ಬಂದ ಕವರು, ಸೀರೆ, ಬಾಡೂಟ ಇವನ್ನು ತಗೊಂಡವರು ಮಾರನೇ ದಿನ ಯಾವ ಬಾಯಲ್ಲಿ ಪ್ರಶ್ನೆ ಕೇಳುತ್ತೀರಿ? ಅವರೂ ಹಾಗೇ ಅಂತಾರೆ, “ನಿನ್ನ ಓಟಿನ ಲೆಕ್ಕ ಚುಕ್ತಾ ಆಯ್ತಲ್ಲಪ್ಪ” ಅಂತ. ಹಾಲಿಗೆ ನೀರು ಬೆರೆಸಿ ತಂದವರು ಫ್ಯಾಟು ಕಮ್ಮಿ ಬಂತು ಅಂತ ಜಗಳ ಮಾಡೋಕಾಗುತ್ತದೆಯೇ?

ಇನ್ನು ಆ ಹುಡುಗನ ವಿಚಾರ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತಲ್ಲ, ಆಗ ಬೆಂಗಳೂರಿನಿಂದ ಊರಿಗೆ ಬಂದವರಲ್ಲಿ ಅವನೂ ಒಬ್ಬ. ವಾಪಸು ಹೋಗಲು ಕೆಲಸ ಇರಲಿಲ್ಲ. ನಮ್ಮ ಸಂಘದ ಹಳೇ ಕಟ್ಟಡದ ಪಕ್ಕ ಪಶು ಆಹಾರದ ಮೂಟೆ ಇಡುತ್ತಿದ್ದ ಶೆಡ್ಡು ಖಾಲಿ ಇತ್ತು. ಆಡಳಿತ ಮಂಡಳಿ ಸಭೆಯಲ್ಲಿ ನಾನು ವಿಷಯ ಇಟ್ಟೆ. ಚರ್ಚೆ ಆಯಿತು, ಒಂದಿಬ್ಬರು ಬೇಡ ಅಂದರು, ಕೊನೆಗೆ ಕರಾರು ಬರೆಸಿಕೊಂಡು ಬಾಡಿಗೆಗೆ ಕೊಡಲು ತೀರ್ಮಾನ ಆಯಿತು. ಪಂಚಾಯ್ತಿಯಿಂದ ಕಾಗದ ಮಾಡಿಸೋಕೆ ನಾನೇ ಏಳು ಸಲ ಓಡಾಡಿದೆ. ನನ್ನ ಕಾಲದಲ್ಲಿ ಎಷ್ಟು ಜನರನ್ನು ಹೀಗೆ ಓಡಾಡಿಸಿದ್ದೆವೋ ಅನ್ನೋದು ಅವಾಗ ಗೊತ್ತಾಯಿತು. ಇವತ್ತು ಅವನು ಕೊಟ್ಟಿಗೆಗೆ ಕಬ್ಬಿಣದ ಗ್ವಾದಲಿ, ಗೇಟು ಮಾಡುತ್ತಾನೆ, ಮೇವು ಕತ್ತರಿಸುವ ಯಂತ್ರ ರಿಪೇರಿ ಮಾಡುತ್ತಾನೆ. ಇಬ್ಬರು ಹುಡುಗರು ಅವನ ಹತ್ತಿರ ಕೆಲಸ ಕಲಿಯುತ್ತಿದ್ದಾರೆ. ಬಾಡಿಗೆಯನ್ನು ಒಂದು ತಿಂಗಳೂ ತಪ್ಪಿಸಿಲ್ಲ.

ಇದನ್ನು ಕೇಳಿ ಚಪ್ಪಾಳೆ ತಟ್ಟಬೇಡಿ. 2010ರಲ್ಲೇ ಆಗಬೇಕಾಗಿದ್ದ ಕೆಲಸ ಇದು. ಒಂದು ಮಳಿಗೆ, ಒಂದು ಕಾಗದ. ಅಷ್ಟಕ್ಕೆ ಹತ್ತು ವರ್ಷ ಹಿಡಿಯಿತು. ಆ ಹತ್ತು ವರ್ಷವನ್ನು ಅವನಿಗೆ ವಾಪಸು ಕೊಡೋಕೆ ನನ್ನಿಂದ ಸಾಧ್ಯವಿಲ್ಲ. ನಮ್ಮ ಊರಿನಿಂದ ಹೋದ ಉಳಿದ ಹುಡುಗರ ಲೆಕ್ಕ ಬರೆದವರು ಯಾರು?

ಕೊನೆಯದಾಗಿ ನನ್ನ ಸೂಚನೆ ಒಂದಿದೆ. ನಮ್ಮ ಸಂಘ ಯಾರ ಪರವೂ ಪ್ರಚಾರ ಮಾಡಬಾರದು, ಮಾಡುವುದೂ ಬೇಡ. ಸಂಘದ ಹೆಸರೂ ಬೇಡ, ಸಂಘದ ಪುಸ್ತಕವೂ ಬೇಡ. ಊರಿನ ನಾಗರಿಕರಾಗಿ ನಾವು ಒಂದು ನೋಟ್‌ಬುಕ್ ಇಡೋಣ. ಅಭ್ಯರ್ಥಿಗಳನ್ನೆಲ್ಲ ಒಂದೇ ದಿನ ಅರಳಿಕಟ್ಟೆಗೆ ಕರೆದು ಈ ಐದು ಪ್ರಶ್ನೆ ಕೇಳೋಣ. ಅವರು ಹೇಳಿದ್ದನ್ನು ಅವರ ಮುಂದೆಯೇ ಬರೆದು ಓದಿ ಹೇಳೋಣ. ಕಾಯ್ದೆ ಪ್ರಕಾರ ಆರು ತಿಂಗಳಿಗೆ ಒಂದು ಸಲವಾದರೂ ಗ್ರಾಮ ಸಭೆ ಸೇರಬೇಕು. ಆ ಸಭೆಗೆ ನೋಟ್‌ಬುಕ್ ತಗೊಂಡು ಹೋಗಿ, ಗೆದ್ದವರ ಮುಂದೆ ಅವರದೇ ಮಾತು ಓದೋಣ. ಕೂಗಾಡೋದು ಬೇಡ, ಬೈಯೋದು ಬೇಡ. ಓದಿದರೆ ಸಾಕು. 2010ರಲ್ಲಿ ಯಾರಾದರೂ ನನ್ನ ಹಳದಿ ಕರಪತ್ರವನ್ನು ಗ್ರಾಮ ಸಭೆಯಲ್ಲಿ ನನ್ನ ಮುಂದೆ ಓದಿದ್ದರೆ ನಾನು ಇನ್ನೂ ಸ್ವಲ್ಪ ಒಳ್ಳೇ ಸದಸ್ಯನಾಗಿರುತ್ತಿದ್ದೆ.

ಆ ತಾಯಿ ಇವತ್ತು ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಈಗಲೂ ದಿನಾ ಹಾಲು ತರುತ್ತಾರೆ. ಅವರಿಗೂ, ಇಲ್ಲಿರುವ ಎಲ್ಲ ತಾಯಂದಿರಿಗೂ ನನ್ನದೊಂದು ಪ್ರಾರ್ಥನೆ. ಅಮ್ಮಾ, ನಾವು ಮಾತು ತಪ್ಪಿದರೆ ಬೈಯಿರಿ, ಓಟು ಹಾಕಬೇಡಿ, ಆದರೆ ಕೇಳೋದನ್ನ ಮಾತ್ರ ಬಿಡಬೇಡಿ. ನೀವು ದಿನಾ ಬೆಳಗ್ಗೆ “ಏನಾಯ್ತಪ್ಪಾ?” ಅಂತ ಕೇಳುತ್ತಿದ್ದರೆ ಯಾವ ಪಂಚಾಯ್ತಿಯೂ ನಿದ್ದೆ ಮಾಡೋಕಾಗುವುದಿಲ್ಲ.



ಜೈ ಹಿಂದ್. ಜೈ ಕರ್ನಾಟಕ. ಜೈ ಸಹಕಾರ.